ಹತ್ತು ದೇಶ, ಹತ್ತು ಮಾರು

ದೊಡ್ಡ ವಿಮಾನವೊಂದು, ತನ್ನನ್ನು ದಿನವೂ ನಿಲ್ದಾಣದ ಗೋಡೆಯಿಂದ ಹಿಂದಕ್ಕೆ ತಳ್ಳುವ ಗಿಡ್ಡ ಟ್ರ್ಯಾಕ್ಟರಿಗೆ ಹೇಳಿತು: "ಕಾಂಪೌಂಡು ದಾಟದ ನಿನಗೆ ನಮ್ಮ ಕಂಪನಿಯಲ್ಲೇನು ಕೆಲಸ? ಯಜಮಾನರಿಗೆ ಹೇಳಿ ನಿನ್ನನ್ನು ತೆಗೆಸಿದ್ದೇನೆ. ನಾಳೆಯಿಂದ ಹೊಸದಾಗಿ ಹತ್ತು ದೇಶಗಳಿಗೆ ಹಾರುತ್ತೇನೆ."

"ಆಗಲಿ ಸ್ವಾಮಿ" ಎಂದು ಟ್ರ್ಯಾಕ್ಟರ್ ಶೆಡ್ಡಿಗೆ ಹೋಯಿತು.

ಮರುದಿನ ಮುನ್ನೂರು ಜನ ವಿಮಾನ ಹತ್ತಿ ಬೆಲ್ಟು ಕಟ್ಟಿಕೊಂಡರು. ಎದುರಿಗೆ ಗೋಡೆ. ವಿಮಾನಕ್ಕೆ ಮುಂದೆ ಹೋಗಲು ಬರುತ್ತದೆ, ಹಿಂದೆ ಸರಿಯಲು ಬಾರದು. ಎರಡು ಗಂಟೆ ಕಳೆಯಿತು. ಜನ ಇಳಿಯುತ್ತೇವೆಂದು ಎದ್ದು ನಿಂತರು. ಆಗ ಅದು ಟ್ರ್ಯಾಕ್ಟರನ್ನು ಕೂಗಿತು.

ಟ್ರ್ಯಾಕ್ಟರ್ ಬಂದು ಮುಂದಿನ ಚಕ್ರಕ್ಕೆ ಹೆಗಲು ಕೊಡುತ್ತಾ ಹೇಳಿತು: "ಹತ್ತು ದೇಶ ಆಮೇಲೆ ನೋಡೋಣ ಸ್ವಾಮಿ. ಮೊದಲು ಹತ್ತು ಮಾರು ಹಿಂದೆ ಬನ್ನಿ."