ಶಾಭಾಸ್ ಎನ್ನುವ ವಾಚು

ನದಿ ದಂಡೆಯ ಮೇಲೊಂದು ಗರಡಿ. ಗರಡಿ ಎಂದರೆ ಕುಸ್ತಿ ಕಲಿಸುವ ಮನೆ. ಅಲ್ಲಿನ ಗುರುವನ್ನು ವಸ್ತಾದಿ ಎನ್ನುತ್ತಾರೆ. ಈ ಗರಡಿಗೆ ಹಾಲಪ್ಪನವರು ವಸ್ತಾದಿ.

ಶಿಷ್ಯ ಕೊಟ್ರೇಶ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದ. ಬೆಳಿಗ್ಗೆ ಗರಡಿ, ಆಮೇಲೆ ತರಗತಿ. ತರಗತಿಯಲ್ಲಿ ಈಗ ಎಲ್ಲರ ಕೈಯಲ್ಲೂ ಹೊಸ ಬಗೆಯ ವಾಚು. ಅದು ಹೊತ್ತು ಹೇಳುವುದಷ್ಟೇ ಅಲ್ಲ. ಎದೆಬಡಿತ, ನಿದ್ದೆ, ನಡೆದ ಹೆಜ್ಜೆ, ಆದ ದಣಿವು, ಎಲ್ಲವನ್ನೂ ಹೇಳುತ್ತದೆ. ಕೊಟ್ರೇಶನೂ ಒಂದು ಕಟ್ಟಿಕೊಂಡಿದ್ದ. ಅದನ್ನು ಕೇಳದೆ ಅವನು ದಣಿಯುತ್ತಲೂ ಇರಲಿಲ್ಲ.

ಒಂದು ಸೋಮವಾರ ಮುಖ ಇಳಿಬಿಟ್ಟುಕೊಂಡು ಬಂದ.

“ಯಾಕಲೇ, ಏನಾತು?” ಎಂದರು ಹಾಲಪ್ಪ.

“ನಿನ್ನೆ ಅಭ್ಯಾಸದ ಕುಸ್ತಿಯಲ್ಲಿ ಸೋತೆ, ಗುರುಗಳೇ. ಬರೋ ಭಾನುವಾರ ಅದೇ ಪೈಲ್ವಾನನ ಜೊತೆ ಆಯ್ಕೆ ಕುಸ್ತಿ. ಅಲ್ಲೂ ಸೋತರೆ ವಿಶ್ವವಿದ್ಯಾಲಯದ ತಂಡದಲ್ಲಿ ನಾನಿಲ್ಲ. ಇದೇ ನನ್ನ ಕೊನೇ ವರ್ಷ.”

“ಹೆಂಗೆ ಸೋತೆ?”

ಕೊಟ್ರೇಶ ನೆಲ ನೋಡಿದ. ಕುಸ್ತಿಗೆ ಇಳಿಯುವ ಮುನ್ನ ವಾಚು ಬಿಚ್ಚಿಡಬೇಕು, ಅದು ನಿಯಮ. ಬಿಚ್ಚಿಟ್ಟೂ ಇದ್ದ.

“ನಡುವೆ ದಣಿವಾದಂಗೆ ಅನ್ನಿಸ್ತು. ನಿಜಾನೇನು ಅಂತ ಮುಂಗೈ ನೋಡಿಕೊಂಡೆ.”

“ಮುಂಗೈ ಮೇಲೆ ಏನಿತ್ತು?”

“ಅವನ ಕೈ ಇತ್ತು. ಹಿಡಿದೆಳೆದು ಚಿತ್ ಮಾಡಿಬಿಟ್ಟ.”

“ವಾಚು ಏನಂತು?”

“ಸೋತು ಬಸ್‌ಸ್ಟ್ಯಾಂಡಿಗೆ ನಡೆದೆ. ಇವತ್ತಿನ ಹೆಜ್ಜೆ ಪೂರ್ತಿ ಆಯ್ತು, ಶಾಭಾಸ್ ಅಂತು.”

ಹಾಲಪ್ಪ ನಗಲಿಲ್ಲ. ಕೈ ಚಾಚಿ ವಾಚು ಇಸಿದುಕೊಂಡು ತಾವೇ ಕಟ್ಟಿಕೊಂಡರು.

“ಈಗ ಹೇಳು. ಹೆಂಗಿದೀಯ?”

ಶಿಷ್ಯ ರೂಢಿಯಂತೆ ಗುರುವಿನ ಮುಂಗೈ ನೋಡಲು ಬಗ್ಗಿದ.

“ಅದರಲ್ಲಿರೋದು ನನ್ನ ಎದೆ ಬಡಿತಲೇ. ನಿನ್ನದು ಹೇಳು.”

“ಗೊತ್ತಾಗ್ತಿಲ್ಲ, ಗುರುಗಳೇ.”

“ಹಂಗಾದ್ರೆ ಮಟ್ಟಿ ಅಗಿ” ಎಂದು ಸಲಿಕೆ ಕೊಟ್ಟರು. ಮಟ್ಟಿ ಎಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ. ದಿನಾ ಅಗೆದು ಸಡಿಲ ಮಾಡದಿದ್ದರೆ ಗಟ್ಟಿಯಾಗಿ, ಬಿದ್ದವರ ಬೆನ್ನು ಮುರಿಯುತ್ತದೆ.

ಅರ್ಧ ಅಗೆದ ಮೇಲೆ ಹಾಲಪ್ಪ ಮತ್ತೆ ಕೇಳಿದರು. “ಈಗ?”

“ಸೊಂಟ ಹಿಡಿದೈತೆ. ಎಡಗಾಲು ಭಾರ. ಬಲಗೈಯಲ್ಲಿ ಇನ್ನೂ ಕಸುವೈತೆ. ಹೊಟ್ಟೆ ಮಾತ್ರ ಭಾಳ ಹಸಿದೈತೆ.”

“ನೋಡು, ವರದಿ ಬಂತು. ಉಳಿದರ್ಧ ಅಗಿ.”

ಶನಿವಾರದವರೆಗೂ ಇದೇ ಪಾಠ. ಬೇರೆ ಪಾಠವೇ ಇರಲಿಲ್ಲ.

ಭಾನುವಾರ ಕುಸ್ತಿಯ ನಡುವೆ ಎಡಗಾಲು ಭಾರವಾಯಿತು. ಕೊಟ್ರೇಶ ಮುಂಗೈ ನೋಡಲಿಲ್ಲ. ಬಲಗೈಯಲ್ಲಿ ಕಸುವಿರುವುದು ಅವನಿಗೆ ಗೊತ್ತಿತ್ತು. ಅದರಿಂದಲೇ ಎದುರಾಳಿಯ ತೊಡೆ ಹಿಡಿದು ಕೆಡವಿದ.

ಸಂಜೆ ಪೇಡೆ ತಂದು ಗುರುವಿನ ಕಾಲಿಗೆ ಬಿದ್ದ.

“ಈಗಾದ್ರೂ ವಾಚು ಕೊಡ್ರಿ, ಗುರುಗಳೇ.”

ಹಾಲಪ್ಪ ಪೇಡೆ ಬಾಯಿಗೆ ಹಾಕಿಕೊಂಡು, ವಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ನನ್ನ ಹತ್ರಾನೇ ಇರ್ಲಿ ಬಿಡಲೇ. ಚಹಾದಂಗಡಿಗೆ ಹೋಗಿ ಬಂದ್ರೂ ಶಾಭಾಸ್ ಅಂತೈತೆ. ನನಗಾದ್ರೆ ಸೋಲಾಕೆ ಇನ್ನು ಯಾವ ಕುಸ್ತಿನೂ ಉಳಿದಿಲ್ಲ.”