ಒಬ್ಬನೇ ನುಡಿಸಿದ ಮೇಳ

"ಗುರುಗಳೇ, ಒಂದು ಕೀಬೋರ್ಡಿನಾಗ ಒಂದೊಂದು ವಾದ್ಯಕ್ಕ ಒಂದೊಂದು ಚಾನೆಲ್ ಕೊಟ್ಟರ ಇಡೀ ಮೇಳ ಒಬ್ಬನ ಕೈಯಾಗ ಇರತದ. ಮತ್ತ ಈ ಜೊತೆಗಾರರು ಯಾಕ ಬೇಕ್ರಿ?" ಎಂದು ಶಿಷ್ಯ ಕೇಳಿದ. ತಬಲಾದವನು ತಡವಾಗಿ ಬಂದನೆಂದು ಆಗಷ್ಟೇ ಅವನೊಡನೆ ಜಗಳವಾಡಿ ಬಂದಿದ್ದ.

ಗುರುಗಳು ನಕ್ಕರು. ಜೊತೆಗಾರರೊಡನೆ ಏಗುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆಯೇ ಎಂದು ಒಪ್ಪಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ನಾಲ್ವರ ಮೇಳವಿತ್ತು. ಒಬ್ಬ ಹಾರ್ಮೋನಿಯಂ ನುಡಿಸುತ್ತಿದ್ದ. ಉಳಿದವರದು ಕ್ಲಾರಿಯೋನೆಟ್, ಪಿಟೀಲು, ತಬಲಾ. ಮೇಳದವರ ಮನೆಯಲ್ಲಿ ಸಾವಾದರೆ ಚಟ್ಟ ಎತ್ತಿದಾಗಿನಿಂದ ಬೀದಿಯ ತಿರುವು ದಾಟುವ ತನಕ ಅವರು ನುಡಿಸಬೇಕಿತ್ತು. ನಡುವೆ ನಾದ ಕಡಿದರೆ ಹೋಗುವವನು ಹಿಂದಿರುಗಿ ನೋಡುತ್ತಾನೆ ಎಂಬುದು ಅವರ ನಂಬಿಕೆ.

ಹಾರ್ಮೋನಿಯಂನವನು ಒಂದು ಕೀಬೋರ್ಡ್ ಕೊಂಡ. ಎಲ್ಲ ವಾದ್ಯಗಳನ್ನೂ ಬೇರೆ ಬೇರೆ ಚಾನೆಲ್‌ಗಳಲ್ಲಿ ಕೂರಿಸಿದ. ಎಡಗೈಗೆ ತಬಲಾ, ಬಲಗೈಗೆ ಉಳಿದದ್ದು. ಜೊತೆಗಾರರೊಡನೆ ಅವನು ಜಗಳವಾಡಲಿಲ್ಲ. ಕರೆಯುವುದನ್ನು ಬಿಟ್ಟ, ಅಷ್ಟೆ. ಪಿಟೀಲಿನವನು ಹೆಂಡತಿಯ ಊರಿಗೆ ಹೋದ. ತಬಲಾದವನು ಎತ್ತ ಹೋದನೋ ತಿಳಿಯಲಿಲ್ಲ. ಕ್ಲಾರಿಯೋನೆಟ್‌ನವನು ಹಿಟ್ಟಿನ ಗಿರಣಿಗೆ ಸೇರಿದ. ಆ ಧೂಳು ಅವನ ಎದೆ ಹಿಡಿಯಿತು. ಕೆಲವು ವರ್ಷ ಕೆಮ್ಮಿ ಸತ್ತುಹೋದ.

ಅವನ ಹೆಂಡತಿ ಹಾರ್ಮೋನಿಯಂನವನಿಗೆ ಹೇಳಿದಳು: "ಅಣ್ಣಾ, ಮೇಳದಾಗ ಊರಾಗ ಉಳಿದಾವ ನೀನೊಬ್ಬನ. ಅವರನ್ನ ಸುಮ್ಮನ ಕಳಸಬ್ಯಾಡ."

"ಚಿಂತಿ ಮಾಡಬ್ಯಾಡ ತಂಗಿ. ಎಲ್ಲಾ ವಾದ್ಯ ನಾನ ನುಡಸ್ತೀನಿ," ಎಂದ ಅವನು.

ಕಟ್ಟೆಯ ಮೇಲೆ ಕೀಬೋರ್ಡ್ ಇಟ್ಟು ಕುಳಿತ. ಚಟ್ಟ ಎದ್ದಿತು. ಹಳೆಯ ಮೇಳವೇ ಬಂದು ಕೂತಂತಿದೆ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಹಾಡಿನ ನಡುವೆ ಕ್ಲಾರಿಯೋನೆಟ್ ಬರುವ ಜಾಗ ಬಂತು. ಅವನು ಆ ಚಾನೆಲ್ ತೆರೆದ. ಸ್ವರ ಒಂದೂ ತಪ್ಪಲಿಲ್ಲ. ಗೆಳೆಯ ಉಸಿರೆಳೆದುಕೊಳ್ಳಲು ನಿಲ್ಲುತ್ತಿದ್ದ ಕಡೆ ಮಾತ್ರ ಅದು ನಿಲ್ಲದೆ ಮುಂದೆ ಹೋಯಿತು. ಅದನ್ನು ಕೇಳಿ ಅವನಿಗೆ ತಡೆಯಲಾಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತವು. ಚಟ್ಟ ಇನ್ನೂ ತಿರುವು ಮುಟ್ಟಿರಲಿಲ್ಲ. ಹೊತ್ತವರು ಮುಂದೆ ಹೆಜ್ಜೆ ಇಡಲಾರದೆ ನಿಂತರು. ಸತ್ತವನ ಹೆಂಡತಿ ಅತ್ತಿತ್ತ ನೋಡಿ, "ಯಾರರ ಒಬ್ಬರು ನುಡಸ್ರೋ," ಎಂದು ಕೂಗಿದಳು. ಕೀಬೋರ್ಡಿನ ದೀಪಗಳು ಉರಿಯುತ್ತಲೇ ಇದ್ದವು. ಕೊನೆಗೆ ಹೊತ್ತವರು ತಲೆತಗ್ಗಿಸಿ ಸುಮ್ಮನೆ ನಡೆದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಅವನಿಗೆ ಕೈ ಪಳಗಿರಲಿಲ್ಲೇನ್ರಿ?" ಎಂದು ಕೇಳಿದ.

"ಕೈ ಚಲೋ ಪಳಗಿತ್ತು ತಮ್ಮಾ, ಜೊತೆಗಾರರು ಇದ್ದಿದ್ದರ ಒಬ್ಬ ಅಳಬಹುದಿತ್ತು."