ಕಿವಿಗೆ ಇಳಿದ ತುಪ್ಪ

ಕಪಿಲೆಯ ದಂಡೆಯಲ್ಲಿ ವೈದ್ಯ ಗುರುಶಾಂತಯ್ಯನವರ ಆಶ್ರಮ. ಕಣ್ಣು ಒಣಗಿದೆ, ಉರಿಯುತ್ತದೆ ಎಂದು ಬಂದವರನ್ನು ಮಲಗಿಸಿ, ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಉಗುರುಬೆಚ್ಚಗಿನ ತುಪ್ಪ ಹೊಯ್ಯುವುದು ಶಿಷ್ಯ ಮಾದಯ್ಯನ ಕೆಲಸ.

ಹನ್ನೊಂದು ವರ್ಷದಿಂದ ಅದೇ ಹಿಟ್ಟು, ಅದೇ ತುಪ್ಪ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಸೊಂಟ ಹಾಳಾಗಲಿ, ಈಗ ಅವನ ಕಣ್ಣೇ ಮರಳು ಬಿದ್ದ ಹಾಗೆ ಉರಿಯುತ್ತಿತ್ತು. ಮೂರು ತಿಂಗಳಿಂದ ತಾನೇ ತುಪ್ಪ ಹಾಕಿಕೊಂಡ. ಉರಿ ಇಳಿಯಲಿಲ್ಲ, ನೋಟವೂ ಮಸುಕಾಯಿತು.

"ಪೇಟೆಯ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಾ" ಎಂದು ಗುರುಗಳು ಎರಡು ಸಲ ಹೇಳಿದ್ದರು.

"ಹೋಗ್ತೀನಿ ಬುದ್ಧೀ" ಅಂದಿದ್ದ. ಹೋಗಿದ್ದರೆ ತಾನೇ! ವೈದ್ಯರ ಶಿಷ್ಯ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಮಾನ ಹೋಗುತ್ತದಂತೆ.

ಒಂದು ಬೆಳಗ್ಗೆ ಗುರುಗಳೇ ಬಂದು ಚಾಪೆಯ ಮೇಲೆ ಮಲಗಿದರು.

"ನನಗೂ ಒಂದು ಕಟ್ಟೆ ಕಟ್ಟಪ್ಪ."

ಮಾದಯ್ಯ ಕಟ್ಟಿದ, ತುಪ್ಪ ಹೊಯ್ದ. ಗುರುಗಳು ಮಿಸುಕಲಿಲ್ಲ.

"ಸೋರ್ತಾ ಇದೆಯೇನೋ?"

"ಇಲ್ಲ ಬುದ್ಧೀ, ಸರಿಯಾಗಿದೆ."

"ನನ್ನ ಕಿವಿ ಮುಟ್ಟಿ ನೋಡು."

ಮುಟ್ಟಿದ. ಕಿವಿಯ ತುಂಬ ತುಪ್ಪ. ಕಟ್ಟೆಯಲ್ಲಿ ಕಿರುಬೆರಳು ತೂರುವಷ್ಟು ಸಂದಿ ಬಿಟ್ಟಿದ್ದ. ಅವನಿಗೆ ಕಂಡೇ ಇರಲಿಲ್ಲ.

"ನನ್ನ ಆದ್ಮೇಲೆ ಮಲಗೋರು ಯಾರು?"

"ಕೆಂಪಾಜಮ್ಮ." ಮಾದಯ್ಯನ ದನಿ ಇಳಿಯಿತು. "ಆಯಮ್ಮನಿಗೆ ಇರೋದೇ ಒಂದು ಕಣ್ಣು, ಬುದ್ಧೀ."

"ತುಪ್ಪದಲ್ಲಿ ಕಸ ಬಿದ್ದಿದ್ರೆ ನಿನಗೆ ಕಾಣುತ್ತಾ?"

ಮಾದಯ್ಯ ಹಿಟ್ಟಿನ ಕೈಯಲ್ಲೇ ಕುಸಿದು ಕೂತ.

"ಸಾಕಾಗಿಹೋಗಿದೆ ಬುದ್ಧೀ. ಭಯವೂ ಆಗ್ತಿದೆ. ಕಣ್ಣೇ ಹೋದ್ರೆ ನಾನು ಇನ್ಯಾತಕ್ಕೆ ಬೇಕು?"

ಗುರುಗಳು ಕಟ್ಟೆ ಕಿತ್ತು, ಎದ್ದು ಕೂತು ಪಂಚೆಯ ತುದಿಯಿಂದ ಕಣ್ಣು, ಕಿವಿ ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು.

"ಈಗಲೇ ಹೊರಡು. ತುಪ್ಪ ಹಾಕ್ಕೊಂಡಿದ್ದನ್ನ ಡಾಕ್ಟರ ಹತ್ತಿರ ಮುಚ್ಚಿಡಬೇಡ. ಅವರು ಬೇಡ ಅಂದ್ರೆ ಬಿಟ್ಟುಬಿಡು. ಕಣ್ಣಿಗೆ ಹನಿ ಕೊಟ್ರೆ ತಪ್ಪದೆ ಹಾಕ್ಕೋ."

"ಕೆಂಪಾಜಮ್ಮ ಕಾಯ್ತಾ ಕೂತಿದ್ದಾರೆ."

"ಆಯಮ್ಮನನ್ನೂ ಕರ್ಕೊಂಡು ಹೋಗು. ಮೊದಲು ಡಾಕ್ಟರು ನೋಡಲಿ. ತುಪ್ಪದ ಮಾತು ಆಮೇಲೆ."

ಮಾದಯ್ಯ ಕೈ ತೊಳೆದುಕೊಂಡ. ಹೊಸಿಲವರೆಗೆ ಹೋದವನು ಅಲ್ಲೇ ನಿಂತ.

"ಜನ ಕೇಳ್ತಾರೆ ಬುದ್ಧೀ, ಇದಕ್ಕೆ ನಿಮ್ಮ ಗುರುಗಳ ಹತ್ತಿರ ಮದ್ದಿಲ್ಲವಾ ಅಂತ. ಏನು ಹೇಳಲಿ?"

"ಇದೆ ಅನ್ನು. ಮೂರನೇ ಸಲ ಕೊಟ್ಟ ಮೇಲೆ ತಗೊಂಡೆ ಅನ್ನು."